ಆರೋಗ್ಯ: ಉತ್ತಮ

ವಧುವಿನ ವಿವರದ ಹಾಳೆಯಲ್ಲಿ ‘ಆರೋಗ್ಯ: ಉತ್ತಮ’ ಅಂತಲೇ ಇತ್ತು. ಗೋವಿಂದರಾಜು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡು ನೋಡಿದ. ಕನ್ನಡಕದ ತಪ್ಪೇನೂ ಇರಲಿಲ್ಲ. ಪ್ರಿಂಟರಿನಿಂದ ಆಗಷ್ಟೇ ಬಂದ ಹಾಳೆ ಇನ್ನೂ ಬೆಚ್ಚಗಿತ್ತು. ಅಕ್ಕನ ಮಗಳು ಸಿಂಧುವಿನ ಹೆಸರು, ಅವಳಪ್ಪ ಪಿಳ್ಳಪ್ಪನ ಹೆಸರು, ನಕ್ಷತ್ರ, ಎತ್ತರ, ದೊಡ್ಡಬೆಳವಂಗಲದ ಹತ್ತಿರ ಗುಲಾಬಿ ಬೆಳೆಯುವ ಪಾಲಿಹೌಸಿನಲ್ಲಿ ಸೂಪರ್‌ವೈಸರ್ ಕೆಲಸ, ಎಲ್ಲಾ ಇದ್ದ ಹಾಗೇ ಇತ್ತು. ತಾನು ಕೈಯಾರೆ ಟೈಪು ಮಾಡಿದ್ದ ಸಾಲು ಮಾತ್ರ ಇರಲಿಲ್ಲ. ‘ಹುಡುಗಿಗೆ ಫಿಟ್ಸ್ ಇದೆ. ದಿನಾ ಮಾತ್ರೆ ತೆಗೆದುಕೊಳ್ಳುತ್ತಾಳೆ. ಮೂರು ವರ್ಷದಿಂದ ಬಂದಿಲ್ಲ.’ ಯುಗಾದಿ ಕಳೆದ ಮೇಲೆ ಒಂದು ದಿನ ಅವಳು ಇದೇ ಕುರ್ಚಿಯ ಹಿಂದೆ ನಿಂತು, ಹಳೆಯ ‘ಉತ್ತಮ’ ತೆಗೆಸಿ, ಒಂದೊಂದು ಮಾತೂ ಹೇಳಿ ಬರೆಸಿದ್ದಳು. ‘ನರದ ಸಣ್ಣ ತೊಂದರೆ ಅಂತ ಹಾಕೋಣ್ವಾ ಮಗಾ’ ಅಂತ ಇವನು ಮೆಲ್ಲಗೆ ಕೇಳಿದ್ದಕ್ಕೆ, ‘ಏನ್ ಮಾವ ನೀವು, ಫಿಟ್ಸ್‌ಗೆ ಫಿಟ್ಸ್ ಅಂತಲೇ ಹೆಸರು’ ಅಂತ ನಕ್ಕಿದ್ದಳು. ಅವತ್ತೇ ಒಂದು ಪ್ರಿಂಟು ತೆಗೆದು ಅವಳ ಕೈಗೆ ಕೊಟ್ಟಿದ್ದ. ಆ ಸಾಲು ಅದರಲ್ಲಿ ಎದ್ದು ಕಾಣುತ್ತಿತ್ತು. ಈಗ ಇಲ್ಲ. ಇಲ್ಲ ಅಂತ ಖಾತ್ರಿಯಾದ ಗಳಿಗೆಯಲ್ಲಿ ಎದೆಯೊಳಗೆ ಏನೋ ಹಗುರಾಯಿತು, ಅದೂ ನಿಜ. ಗಂಡಿನ ಕಡೆಯ ಆವತಿಯವರು ಈ ಹಾಳೆ ನೋಡಿ ಒಪ್ಪಿದ್ದಾರಲ್ಲ, ಸದ್ಯ ಬದುಕಿದೆ ಅನ್ನಿಸಿತು. ಮರುಗಳಿಗೆಗೇ ಥೂ ನಿನ್ನ ಜನ್ಮಕ್ಕೆ ಅಂತ ತನ್ನನ್ನೇ ಬೈದುಕೊಂಡ. ಬಾಗಿಲ ಹತ್ತಿರ ಯಾರೂ ಇರಲಿಲ್ಲ, ಆದರೂ ಒಮ್ಮೆ ತಿರುಗಿ ನೋಡಿದ.

ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಆವತಿಯವರು ಬರುವವರಿದ್ದರು. ದೊಡ್ಡಬಳ್ಳಾಪುರದ ಈ ವಧೂವರರ ಸಂಘದಲ್ಲಿ ಹೆಣ್ಣು ನೋಡುವ ಕ್ರಮವೇ ಬೇರೆ. ಹಿಂದೆ ಯಾವುದೋ ಸಂಬಂಧದಲ್ಲಿ ಗಂಡಿನ ವಯಸ್ಸು ಮುಚ್ಚಿಟ್ಟರು ಅಂತ ಜಗಳವಾಗಿ ಕಟ್ಟಡದ ಕಿಟಕಿ ಗಾಜೆಲ್ಲ ಪುಡಿಯಾದ ಮೇಲೆ ಹಿರಿಯರು ಕೂತು ಒಂದು ಪದ್ಧತಿ ಮಾಡಿದ್ದರು. ಎರಡೂ ಕಡೆಯವರು ಮಹಡಿಯ ಹಾಲಿನಲ್ಲಿ ಎದುರುಬದುರು ಕೂರಬೇಕು. ಸಂಘದವನು ಗಂಡಿನ ಹಾಳೆ, ಹೆಣ್ಣಿನ ಹಾಳೆ ಎರಡನ್ನೂ ಗಟ್ಟಿಯಾಗಿ ಓದಬೇಕು. ಒಂದೊಂದು ಸಾಲಿಗೂ ಆಯಾ ಮನೆಯ ಹಿರಿಯರು ‘ಹೌದು’ ಅನ್ನಬೇಕು. ಕಾಫಿ ಏನಿದ್ದರೂ ಆಮೇಲೆ. ಹಾಳೆ ಓದಿಸಿಕೊಂಡ ಮೇಲೆ ನಮಗೆ ಗೊತ್ತಿರಲಿಲ್ಲ ಅನ್ನುವ ಮಾತೇ ಇಲ್ಲ. ಹಾಳೆಗಳನ್ನು ಬರೆದಿಡುವವನೂ ಓದುವವನೂ ಗೋವಿಂದರಾಜು. ಪವರ್‌ಲೂಮಿನ ಸದ್ದಿನಲ್ಲಿ ಕೂಗಾಡಿ ಕೂಗಾಡಿ ಪಳಗಿದ ಗಂಟಲು, ಬೀದಿಯವರೆಗೂ ಕೇಳಿಸುತ್ತಿತ್ತು. ಓದುವಾಗ ಕೂತವರೆಲ್ಲ ಬೆನ್ನು ನೆಟ್ಟಗೆ ಮಾಡಿಕೊಳ್ಳುವುದನ್ನು ನೋಡಿದರೆ ಅವನಿಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಯಾರದೋ ಮಗ್ಗದಲ್ಲಿ ಕೂಲಿ ಮಾಡಿದವನು, ಈಗ ಇಷ್ಟು ಜನರ ಸತ್ಯ ತನ್ನ ಬಾಯಿಂದ ಬರುತ್ತಿದೆ ಅನ್ನಿಸುತ್ತಿತ್ತು. ಹೋದ ವಾರ ಆವತಿಯ ಆದಿನಾರಾಯಣಪ್ಪ ಬಂದು ಮಗ ಸುನಿಲ್‌ಕುಮಾರನಿಗೆ ಅಂತ ಹೆಣ್ಣುಗಳ ಹಾಳೆ ಕೇಳಿದಾಗ ಕಂಪ್ಯೂಟರಿನ ಫಾರಂನಲ್ಲಿ ಪ್ರಿಂಟ್ ಗುಂಡಿ ಒತ್ತಿ ಸಿಂಧುವಿನದನ್ನೂ ಸೇರಿಸಿ ಕೊಟ್ಟಿದ್ದ. ಮೇಲೆ ಕಣ್ಣಾಡಿಸಿಯೂ ಇರಲಿಲ್ಲ. ಆಡಿಸಬೇಕಿತ್ತು. ಆದಿನಾರಾಯಣಪ್ಪನೇ ಫೋನ್ ಮಾಡಿ, ಪೂರ್ತಿ ಓದಿದ್ವಿ ಕಣಪ್ಪ, ಮನೇಲಿ ಎಲ್ಲರಿಗೂ ಒಪ್ಪಿಗೆ ಅಂದಾಗ ಇವನು ಕುಣಿಯುವುದೊಂದು ಬಾಕಿ. ಸಿಂಧುಗೆ ಫೋನ್ ಮಾಡಿದ. ‘ಪೂರ್ತಿ ಓದಿದ್ರಂತಾ ಮಾವ?’ ಅಂದಳು. ‘ಪೂರ್ತಿ ಓದಿದ್ರಂತೆ ಕಣವ್ವ’ ಅಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಈಗ ಫಾರಂ ತೆಗೆದ. ಹೆಸರು, ವಿಳಾಸ, ಫೋನ್ ನಂಬರಿನ ಕೆಳಗೆ ಒಂದು ದೊಡ್ಡ ಚೌಕ, ಆ ಚೌಕದೊಳಗೆ ಹಾಳೆ. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಹಾಳೆ ಅಲ್ಲೇ ತೆರೆದುಕೊಳ್ಳುತ್ತದೆ, ಬೇಕಾದ್ದು ತಿದ್ದಬಹುದು. ‘ಉತ್ತಮ’ ಅನ್ನುವುದನ್ನು ಅಳಿಸಿ ಆ ಸಾಲನ್ನು ಮತ್ತೆ ಟೈಪು ಮಾಡಿದ. ಫಿಟ್ಸ್ ಅನ್ನುವ ಹತ್ತಿರ ಬೆರಳು ನಿಂತಿತು, ಮುಂದೆ ಹೋಯಿತು. ಹಾಳೆಯಿಂದ ಆಚೆ ಬರಲು ಗುಂಡಿ ಒತ್ತಿದ, ಎಸ್ಕೇಪ್, ಎಸ್ಕೇಪ್. ಫಾರಂ ಮುಚ್ಚಿ ಮತ್ತೆ ತೆಗೆದ. ಉತ್ತಮ. ಅಲೆಲೆ! ಇನ್ನೊಂದು ಸಲ ಮಾಡಿದ. ಈ ಸಲ ಅಕ್ಷರ ದಪ್ಪ ಮಾಡಿದ, ದಪ್ಪಕ್ಕೆ ಹೆದರಿಯಾದರೂ ಉಳಿಯಲಿ ಅನ್ನುವ ಹಾಗೆ. ಉತ್ತಮ. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿ, ಪರದೆ ಒರೆಸಿ, ಗೋಡೆಯ ಮೇಲಿದ್ದ ದೇವರಿಗೆ ಕೈಮುಗಿದು ಮತ್ತೆ ಮಾಡಿದ. ಉತ್ತಮ. ಏನು ಉತ್ತಮ, ನಿನ್ನ ಪಿಂಡ! ಹಿಂದೆ ಮಧುರೆಯವರ ಜೊತೆ ಸಿಂಧುವಿನ ನಿಶ್ಚಿತಾರ್ಥವಾದ ದಿನವೂ ಎಲ್ಲಾ ಉತ್ತಮವಾಗಿಯೇ ಇತ್ತು. ಅಕ್ಕ ಲಕ್ಕಮ್ಮ ಯಾರಿಗೂ ಬಾಯಿ ಬಿಡಬೇಡಿ ಅಂತ ಮನೆಮಂದಿಗೆಲ್ಲ ಹೇಳಿಟ್ಟಿದ್ದಳು, ಯಾರೂ ಬಿಟ್ಟಿರಲಿಲ್ಲ. ಎಲೆ ಹಾಕಿ ಪಾಯಸ ಬಡಿಸುವ ಹೊತ್ತಿಗೆ ಗಂಡಿನ ತಾಯಿಗೆ ಎಲ್ಲಿಂದಲೋ ಸುದ್ದಿ ಮುಟ್ಟಿತು. ‘ರೋಗದ ಮಾಲು ಮುಚ್ಚಿ ಮಾರೋಕೆ ಕೂತಿದ್ರಾ?’ ಅಂತ ಆ ಹೆಂಗಸು ಎಲೆ ಮುಂದೆಯೇ ಎದ್ದು ನಿಂತಳು. ಸಿಂಧು ಅಳಲಿಲ್ಲ. ಅವತ್ತು ಉಟ್ಟ ಸೀರೆಯನ್ನು ತಾನೇ ಅಂಚು ಸೇರಿಸಿ ಮಡಿಸುತ್ತ, ಇನ್ನು ಮೇಲೆ ಹಾಳೇಲಿ ಬರೆದಿದ್ರೆ ಮಾತ್ರ ನಾನು ಬಂದು ಕೂರ್ತೀನಿ, ಗೊತ್ತಿದ್ದು ಬರೋರು ಬಂದ್ರೆ ಬರ್ಲಿ, ಇಲ್ದಿದ್ರೆ ಬೇಡ ಅಂದಿದ್ದಳು. ಅವಳ ಕೈತುಂಬ ಗುಲಾಬಿ ಮುಳ್ಳಿನ ಗೀರು. ಗೋವಿಂದರಾಜು ಆ ಗೀರುಗಳನ್ನೇ ನೋಡುತ್ತ ಹೂಂಗುಟ್ಟಿದ್ದ.

ಈ ಫಾರಂ ಮಾಡಿಕೊಟ್ಟವನು ನೆಲಮಂಗಲದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಅನಿಲ್‌ಕುಮಾರ್. ಅವನಿಗೆ ಫೋನ್ ಮಾಡಿದ.

“ಲೋ ಅನಿಲ, ನಿನ್ ಫಾರಂ ತಿದ್ದಿದ್ದನ್ನೆಲ್ಲ ನುಂಗಾಕ್ತಾ ಇದೆ ಕಣೋ.”

“ಅದ್ಯಾಕ್ ನುಂಗುತ್ತೆ ಅಣ್ಣ? ಬರೆದಾದ್ಮೇಲೆ ಹಾಳೆಯಿಂದ ಆಚೆ ಹೆಂಗ್ ಬರ್ತೀರಾ?”

“ಎಸ್ಕೇಪ್ ಒತ್ತಿ.”

“ಒಂದ್ಸಲವಾ?”

“ಎರಡ್ಸಲ.”

ಆ ಕಡೆ ಅನಿಲ್ ಉಸಿರು ಬಿಟ್ಟಿದ್ದು ಕೇಳಿಸಿತು. “ಅಯ್ಯೋ ಅಣ್ಣಾ. ಮೊದಲನೇ ಸಲಕ್ಕೆ ಹಾಳೆಯಿಂದ ಆಚೆ ಬರ್ತೀರಾ. ಎರಡನೇ ಸಲಕ್ಕೆ, ಮಾಡಿದ್ದೆಲ್ಲ ಬೇಡ ಅಂತ ನೀವೇ ಹೇಳ್ದಂಗಾಯ್ತು. ಒಂದೇ ಸಲ ಒತ್ತಿ, ಆಮೇಲೆ ಮುಂದಿನ ಹೆಸರಿಗೆ ಹೋಗಿ ವಾಪಸ್ ಬನ್ನಿ. ಆಗ ಕೂರುತ್ತೆ.”

“ಮತ್ತೆ ಅವತ್ತು ಪ್ರಿಂಟು ಸರಿಯಾಗಿಯೇ ಬಂದಿತ್ತಲ್ಲೋ?”

“ಹಾಳೆ ತೆರೆದಿದ್ದಾಗ್ಲೇ ಪ್ರಿಂಟ್ ಕೊಟ್ಟಿರ್ತೀರಾ. ಪೇಪರ್ ಮೇಲೆ ಬಂದಿರುತ್ತೆ, ಒಳಗೆ ಉಳಿದಿರಲ್ಲ. ಎಷ್ಟ್ ದಿನದಿಂದ ಹಿಂಗ್ ಒತ್ತುತಾ ಇದ್ದೀರಾ?”

ಗೋವಿಂದರಾಜು ಇಲ್ಲಿ ಯಾರೋ ಬಂದ್ರು ಕಣೋ ಅಂತ ಹೇಳಿ ಫೋನ್ ಇಟ್ಟುಬಿಟ್ಟ. ಯಾರೂ ಬಂದಿರಲಿಲ್ಲ. ಬಲಗೈಯನ್ನು ಮೇಜಿನ ಮೇಲೆ ಹರಡಿಕೊಂಡು ನೋಡಿದ. ಮಗ್ಗ ನಿಲ್ಲಿಸುವ ಹಿಡಿಯನ್ನು ಒಂದು ಸಲ ತಳ್ಳಿದರೆ ನಿಂತ ಹಾಗೆ ಕಾಣುತ್ತಿತ್ತು, ಆದರೆ ನಂಬುವ ಹಾಗಿರಲಿಲ್ಲ. ಕಡಿದ ಎಳೆ ಕಟ್ಟಲು ಬಗ್ಗಿದಾಗ ಬೆಲ್ಟು ಮತ್ತೆ ಹಿಡಿದುಕೊಂಡು ಪಕ್ಕದ ಮಗ್ಗದ ಮೂರ್ತಿಯ ಬೆರಳು ಜಜ್ಜಿಹೋಗಿದ್ದನ್ನು ಕಣ್ಣಾರೆ ನೋಡಿದ ಮೇಲೆ ಇವನ ಕೈ ತಾನಾಗಿ ಎರಡು ಸಲ ತಳ್ಳುವುದನ್ನು ಕಲಿತಿತ್ತು. ಮಗ್ಗ ಗುಜರಿಗೆ ಹೋದರೂ ಕೈಗೆ ಅದು ಗೊತ್ತಾಗಲಿಲ್ಲ. ಗ್ಯಾಸಿನ ತಿರುಪು ಎರಡು ಸಲ, ಮನೆ ಬೀಗ ಎರಡು ಸಲ. ಒಂದ್ಸಲ ಎಳೆದ್ರೆ ಬೀಗಕ್ಕೆ ಬೇಜಾರಾಗುತ್ತಾ ಅಂತ ಹೆಂಡತಿ ವರಲಕ್ಷ್ಮಮ್ಮ ರೇಗಿಸುತ್ತಿದ್ದಳು. ಹೊಸಬರ ಹೆಸರು ಸೇರಿಸುವಾಗ ಬೇರೆ ಗುಂಡಿ, ಹಾಗಾಗಿ ಅವೆಲ್ಲ ಉಳಿದಿವೆ. ತಿದ್ದಿದ್ದು ಮಾತ್ರ ಒಂದೂ ಉಳಿದಿಲ್ಲ. ಇಷ್ಟು ವರ್ಷ ಎದುರಿಗೆ ಕೂತು, ದನಿ ತಗ್ಗಿಸಿ, ಇದೊಂದು ತಿದ್ದಿ ಸಾರ್ ಅಂದವರ ಮುಖಗಳು ಒಂದೊಂದಾಗಿ ಬಂದವು. ಮಗ ಕುಡೀತಾನೆ ಅಂತ ನಿಜ ಹಾಕಪ್ಪ, ಪಾಪ ಇನ್ನೊಬ್ಬರ ಮನೆ ಹೆಣ್ಣು ಅಂದ ಮುದುಕಿ ಮಾರಕ್ಕ. ಮೊದಲ ಗಂಡ ತೀರಿಕೊಂಡಿದ್ದು ಬರೀರಿ ಅಂದ ಮಮತ. ಎಲ್ಲರಿಗೂ ಆಯ್ತಮ್ಮ, ಆಯ್ತಮ್ಮ ಅಂದು ಒಂದೊಂದು ಪ್ರಿಂಟು ಕೊಟ್ಟು ಕಳಿಸಿ, ಅವರು ಹೊಸ್ತಿಲು ದಾಟುವ ಮೊದಲೇ ಎಲ್ಲಾ ಬೇಡ ಅಂತ ಒತ್ತಿದ್ದ. ಅದಕ್ಕಿಂತ ಕೆಟ್ಟ ಯೋಚನೆಯೊಂದು ಹಿಂದೆಯೇ ಬಂತು. ಬೇರೆಯವರದ್ದು ಬಿಡು, ಸಿಂಧುವಿನ ಸಾಲಿನ ಮೇಲೆ ಆ ಎರಡನೇ ಸಲ ಒತ್ತಿದ್ದು ಬರೀ ಅಭ್ಯಾಸವಾ? ಆ ಸಾಲು ಬೇಡ ಅಂತ ಅವನಿಗೆ ಇದ್ದೇ ಇತ್ತು. ಬೆರಳಿಗೆ ಅದು ಗೊತ್ತಿರಲಿಲ್ಲ ಅಂತ ಯಾರು ಹೇಳಬೇಕು? ಲೋಟದಲ್ಲಿದ್ದ ನೀರು ಕುಡಿದು ಕೆಲಸಕ್ಕೆ ತಿರುಗಿದ.

ಸಾಲು ಟೈಪು ಮಾಡಿದ. ಎಸ್ಕೇಪ್ ಒಂದೇ ಸಲ. ಕೈ ಎರಡನೆಯದಕ್ಕೆ ಹಾತೊರೆಯಿತು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡ. ಮುಂದಿನ ಹೆಸರಿಗೆ ಹೋಗಿ ವಾಪಸ್ ಬಂದ. ಸಾಲು ಕೂತಿತ್ತು. ಮುಚ್ಚಿ ತೆಗೆದ, ಕೂತಿತ್ತು. ಪ್ರಿಂಟು ತೆಗೆದ, ಬಂತು. ಇಷ್ಟೇನಾ! ಇಷ್ಟಕ್ಕೆ ಒಂದು ಹೆಣ್ಣಿನ ಬಾಳು ಅಂತ ಅಂದುಕೊಂಡವನಿಗೆ ನಗು ಬರುವ ಹಾಗಾಯಿತು, ಬರಲಿಲ್ಲ. ಹಾಳೆ ಸರಿಯಾಯಿತು, ಸರಿ. ಆವತಿಯವರ ಚೀಲದಲ್ಲಿರುವ ಹಾಳೆ? ಇನ್ನೂ ಹೊತ್ತಿದೆ, ಈಗಲೇ ಹೇಳಿಬಿಟ್ಟರೆ ಬರುವವರು ಬರುತ್ತಾರೆ, ಬರದವರು ಅಲ್ಲೇ ನಿಲ್ಲುತ್ತಾರೆ, ಹುಡುಗಿ ನಾಲ್ಕು ಜನರ ಮುಂದೆ ಕೂರುವುದಾದರೂ ತಪ್ಪುತ್ತದೆ ಅಂತ ಆದಿನಾರಾಯಣಪ್ಪನಿಗೆ ಫೋನ್ ಮಾಡಿದ. ಎತ್ತಿದ್ದು ಅವನ ಹೆಂಡತಿ ರುಕ್ಮಿಣಮ್ಮ. ಹಿಂದೆ ಗಾಡಿಯ ಸದ್ದು, ಹಾರನ್ನು. “ಹೊರಟ್ಬಿಟ್ವಿ ಕಣಪ್ಪ. ನಮ್ ಯಜಮಾನ್ರು ಮುಂದೆ ಕೂತವ್ರೆ. ಹೂವ ತಗೊಂಡಿದೀವಿ, ಹುಡುಗಿ ಕನಕಾಂಬರ ಮುಡೀತಾಳಾ ಏನು?” ಅಂದಳು. ಗೋವಿಂದರಾಜು ಒಂದು ವಿಷಯ ಹೇಳಬೇಕಿತ್ತಮ್ಮ ಅಂದ. ಏನಪ್ಪ, ಕೇಳಿಸ್ತಿಲ್ಲ, ಜೋರಾಗಿ ಹೇಳು ಅಂದಳು. ಬೀದಿಯವರೆಗೂ ಕೇಳಿಸುವ ಗಂಟಲು ಅವನದ್ದು. “ಮುಡೀತಾಳೆ ಕಣಮ್ಮ” ಅಂದುಬಿಟ್ಟ.

ಎಲ್ಲರಿಗಿಂತ ಮೊದಲು ಸಿಂಧು ಬಂದಳು. ಅಪ್ಪ ಅಮ್ಮ ಆಟೋದಲ್ಲಿ ಬರ್ತಿದ್ದಾರೆ, ನಾನು ಕೆಲಸದಿಂದ ಸೀದಾ ಬಂದ್ಬಿಟ್ಟೆ ಅಂತ ಸ್ಕೂಟಿಯ ಕೀಲಿ ಚೀಲಕ್ಕೆ ಹಾಕುತ್ತ ಅವನ ಮೇಜಿನ ಎದುರು ಕೂತಳು. ಮುಖ ತೊಳೆದುಕೊಂಡು ಬಂದಿದ್ದಳು, ಕಿವಿಯ ಹತ್ತಿರ ಕೂದಲು ಇನ್ನೂ ಒದ್ದೆ. ಮಧುರೆಯವರ ಸಲ ಇವಳು ಹೀಗಿರಲಿಲ್ಲ, ಎಲ್ಲಿ ಬಿದ್ದುಬಿಡುತ್ತೇನೋ ಅನ್ನುವ ಹಾಗೆ ಕುರ್ಚಿಯ ಕೈ ಹಿಡಿದೇ ಕೂತಿದ್ದಳು. ಇವತ್ತು ಕಾಲು ಅಲ್ಲಾಡಿಸುತ್ತಿದ್ದಳು.

“ಮಾವ, ಒಂದ್ ಮಾತ್ ಹೇಳ್ಲಾ? ಆ ಹುಡುಗ ಒಪ್ತಾನೋ ಇಲ್ವೋ ನಂಗೆ ಗೊತ್ತಿಲ್ಲ. ಅದು ಬಿಡಿ. ಆದ್ರೆ ಗೊತ್ತಿದ್ದೂ ಬರ್ತಾ ಇದ್ದಾರಲ್ಲ, ಅದಕ್ಕೇ ಎರಡು ದಿನದಿಂದ ಅನ್ನ ಸೇರ್ತಾ ಇದೆ ನಂಗೆ.”

“ಸಿಂಧು...”

“ನೀವು ಬರೆದಿದ್ದಕ್ಕೆ ಕಣ್ರೀ ಮಾವ. ಅಮ್ಮನ ಮಾತು ಕೇಳ್ಕೊಂಡು ನೀವೂ ಬಿಟ್ಬಿಡ್ತೀರೇನೋ ಅನ್ಕೊಂಡಿದ್ದೆ.”

ಈಗ ಹೇಳಬೇಕು, ಈಗ, ಅಂತ ಅವನ ಒಳಗೆ ಯಾರೋ ತಿವಿಯುತ್ತಿದ್ದರು. ಬಾಯಿ ತೆರೆದ. ಹೊರಗೆ ಗಾಡಿ ಬಂದು ನಿಂತಿತು, ರುಕ್ಮಿಣಮ್ಮನ ದನಿ ಕೇಳಿಸಿತು. ಸಿಂಧು ಎದ್ದು ದುಪ್ಪಟ್ಟ ಸರಿಮಾಡಿಕೊಂಡು, “ಹೆಂಗಿದೀನಿ?” ಅಂದಳು. “ಚೆನ್ನಾಗಿದೀಯ ಕಣವ್ವ” ಅಂದ. ಅದೂ ಸುಳ್ಳಲ್ಲ.

ಮಹಡಿಯ ಹಾಲಿನಲ್ಲಿ ಫ್ಯಾನು ಕಟಕಟ ಅನ್ನುತ್ತ ತಿರುಗುತ್ತಿತ್ತು. ಒಂದು ಕಡೆ ಪಿಳ್ಳಪ್ಪ, ಲಕ್ಕಮ್ಮ, ನಡುವೆ ಸಿಂಧು. ಎದುರಿಗೆ ಆದಿನಾರಾಯಣಪ್ಪ, ರುಕ್ಮಿಣಮ್ಮ, ಏರ್‌ಪೋರ್ಟಿನ ಸರಕು ವಿಭಾಗದಲ್ಲಿ ಕೆಲಸ ಮಾಡುವ ಸುನಿಲ್‌ಕುಮಾರ್. ಹುಡುಗ ಒಳ್ಳೆಯವನ ಹಾಗೆ ಕಾಣುತ್ತಿದ್ದ, ಫ್ಯಾನಿನ ಗಾಳಿ ಹೆಂಗಸರ ಕಡೆಗೂ ಹೋಗಲಿ ಅಂತ ತನ್ನ ಕುರ್ಚಿ ಪಕ್ಕಕ್ಕೆ ಎಳೆದುಕೊಂಡ. ಪೆದ್ದನೋ ಒರಟನೋ ಆಗಿದ್ದಿದ್ದರೆ ಹೋದರೆ ಹೋಗಲಿ ಅನ್ನಬಹುದಿತ್ತು. ಗೋವಿಂದರಾಜು ಗಂಡಿನ ಹಾಳೆ ಓದಿದ, ಆದಿನಾರಾಯಣಪ್ಪ ಪ್ರತಿ ಸಾಲಿಗೂ ಹೌದು, ಹೌದು ಅಂದ. ಹೆಣ್ಣಿನ ಹಾಳೆ ಎತ್ತಿಕೊಂಡ. ಹೆಸರು, ಹೌದು. ತಂದೆ, ಹೌದು. ಓದು, ಕೆಲಸ, ಹೌದು. ಪಿಳ್ಳಪ್ಪ ಭಾವ ಮೊದಲೇ ಮಾತು ಕಡಿಮೆ, ಹೌದು ಅನ್ನುವುದೂ ಕೆಮ್ಮಿದ ಹಾಗೆ ಕೇಳಿಸುತ್ತಿತ್ತು. ಮುಂದಿನ ಸಾಲು ಬಂತು. ಬಿಟ್ಟು ಮುಂದಕ್ಕೆ ಹೋಗಬಹುದಿತ್ತು, ಓದುವವನು ಅವನೇ. ಸಿಂಧು ಅವನನ್ನೇ ನೋಡುತ್ತಿದ್ದಳು, ಆ ಸಾಲಿಗೆ ಕಾಯುತ್ತಿದ್ದಳು, ಮುಖದಲ್ಲಿ ಒಂದು ಚೂರೂ ಭಯವಿರಲಿಲ್ಲ. “ಆರೋಗ್ಯ. ಹುಡುಗಿಗೆ ಫಿಟ್ಸ್ ಇದೆ. ದಿನಾ ಮಾತ್ರೆ ತೆಗೆದುಕೊಳ್ಳುತ್ತಾಳೆ. ಮೂರು ವರ್ಷದಿಂದ ಬಂದಿಲ್ಲ” ಅಂತ ಓದಿದ. ದನಿ ಇದ್ದಕ್ಕಿದ್ದ ಹಾಗೆ ದೊಡ್ಡದಾಗಿ ಬಂತು, ಬೀದಿಯಲ್ಲಿ ಹೋಗುವವರಿಗೂ ಕೇಳಿಸಿರಬೇಕು. ಪಿಳ್ಳಪ್ಪನ ಹೌದು ಬರುವ ಮೊದಲೇ ಸಿಂಧು ತಾನೇ “ಹೌದು” ಅಂದಳು.

ರುಕ್ಮಿಣಮ್ಮ ಗಂಡನ ಮುಖ ನೋಡಿದಳು. ಆಮೇಲೆ ಮಡಿಲ ಚೀಲಕ್ಕೆ ಕೈಹಾಕಿ, ಹೂವಿನ ಪೊಟ್ಟಣ ಪಕ್ಕಕ್ಕೆ ಸರಿಸಿ, ಮಡಿಸಿಟ್ಟಿದ್ದ ಹಾಳೆ ತೆಗೆದಳು. “ನಮಗ್ ಕೊಟ್ಟಿರೋದ್ರಲ್ಲಿ ಇದಿಲ್ವಲ್ಲ? ಉತ್ತಮ ಅಂತ ಐತೆ.” ಸಿಂಧು ಎದ್ದು ಹೋಗಿ ಆ ಹಾಳೆ ಇಸಿದುಕೊಂಡು ನಿಂತೇ ಓದಿದಳು. ಅಷ್ಟು ಸಣ್ಣ ಸಾಲು ಓದಲು ಅಷ್ಟು ಹೊತ್ತು ಬೇಕಿರಲಿಲ್ಲ. ಗೋವಿಂದರಾಜು ಹೇಳತೊಡಗಿದ. ನೋಡಿ, ಫಾರಂ ಒಳಗೆ ಒಂದು ಚೌಕ ಇರುತ್ತೆ, ಅದರೊಳಗೆ ಹಾಳೆ, ಒಂದು ಸಲ ಎಸ್ಕೇಪ್ ಒತ್ತಿದ್ರೆ ಆಚೆ ಬರುತ್ತೆ, ನಾನು ಎರಡು ಸಲ ಒತ್ತಿಬಿಟ್ಟಿದ್ದೀನಿ, ಮಗ್ಗದಲ್ಲಿ ಅಭ್ಯಾಸ, ಹಿಡಿ ಎರಡು ಸಲ ತಳ್ಳಬೇಕು, ಇಲ್ಲಾಂದ್ರೆ ಬೆಲ್ಟು... ಮಾತಾಡುತ್ತ ಆಡುತ್ತ ಅವನಿಗೇ ತನ್ನ ಮಾತು ಹಸಿ ಸುಳ್ಳಿನ ಹಾಗೆ ಕೇಳಿಸತೊಡಗಿತು. ಆದಿನಾರಾಯಣಪ್ಪ ಕೊನೆಗೆ ಬೇಸರವಿಲ್ಲದೆ, “ಇರ್ಲಿ ಬಿಡಪ್ಪ. ಸೋದರಮಾವ ಅಂದ್ಮೇಲೆ ಹೆಣ್ಣಿಗೆ ಒಂದ್ ದಾರಿ ಆಗ್ಲಿ ಅಂತ ಇದ್ದೇ ಇರುತ್ತೆ. ನಮ್ಮನೆ ಹೆಣ್ಣಾಗಿದ್ರೆ ನಾನೂ ಹಂಗೇ ಮಾಡ್ತಿದ್ನೋ ಏನೋ” ಅಂದ. ಇಲ್ಲ ಸ್ವಾಮಿ, ಹಾಗಲ್ಲ ಅಂತ ಗೋವಿಂದರಾಜು ಮತ್ತೆ ಚೌಕದಿಂದ ಶುರುಮಾಡಿದ. ಸುನಿಲ್‌ಕುಮಾರ್ ಏನೋ ಕೇಳಲು ಸಿಂಧುವಿನ ಕಡೆ ತಿರುಗಿದ, ಅಷ್ಟರಲ್ಲಿ ತಾಯಿ ಎದ್ದಾಗಿತ್ತು. ಊರಿಗೆ ಹೋಗಿ ಫೋನ್ ಮಾಡ್ತೀವಿ ಅಂದರು. ಹೂವಿನ ಪೊಟ್ಟಣ ಚೀಲದೊಳಗೇ ಹೋಯಿತು. ಕೆಳಗೆ ಹೇಳಿಟ್ಟಿದ್ದ ಕಾಫಿ ಬೇಡ ಅನ್ನಲೂ ಯಾರಿಗೂ ನೆನಪಾಗಲಿಲ್ಲ.

ಅವರ ಗಾಡಿ ಹೋದ ಮೇಲೆ ಲಕ್ಕಮ್ಮ ತಮ್ಮನ ತೋಳು ಹಿಡಿದು ಮೆಟ್ಟಿಲ ಮೂಲೆಗೆ ಎಳೆದಳು. “ಅಲ್ಲ ಕಣೋ ಗೋವಿಂದ, ಇಷ್ಟೆಲ್ಲ ಉಪಾಯ ಮಾಡಿ ಬೇರೆ ಹಾಳೆ ಕೊಟ್ಟಿದ್ದೀಯ, ನಂಗೊಂದ್ ಮಾತ್ ಹೇಳ್ಬಾರ್ದಿತ್ತಾ? ಕೊನೇಲಿ ಓದೋವಾಗ ಅದ್ಯಾಕೋ ನಿನ್ ಬುದ್ಧಿಗೆ ಮಂಕು ಬಡೀತು!” ಅಂತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ದನಿಯಲ್ಲಿ ಬೈಗುಳಕ್ಕಿಂತ ಹೆಚ್ಚಾಗಿ ಪ್ರೀತಿಯಿತ್ತು. ಅಕ್ಕಾ, ನಾನು ಉಪಾಯ ಮಾಡಿಲ್ಲ ಕಣಕ್ಕ ಅಂದರೆ, ಆಯ್ತು ಬಿಡು, ನನ್ ಮುಂದೆ ಯಾಕೆ ಅಂದಳು. ಪಿಳ್ಳಪ್ಪ ಆಟೋ ಕರೆಯಲು ಹೋದ. ಅವಳೂ ಹಿಂದೆಯೇ ಇಳಿದಳು. ಗೋವಿಂದರಾಜು ಕೆಳಗಿನ ಕೋಣೆಗೆ ಬಂದು ಕುರ್ಚಿಯಲ್ಲಿ ಕೂತ. ಪರದೆಯ ಮೇಲೆ ಆ ಸಾಲು ಇನ್ನೂ ಕೂತಿತ್ತು, ಯಾರಿಗೂ ಬೇಡದ ಹೊತ್ತಿನಲ್ಲಿ ಅಚ್ಚುಕಟ್ಟಾಗಿ. ಸಿಂಧು ಒಳಗೆ ಬಂದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಬೈಯಲಿ, ಕಂಪ್ಯೂಟರ್ ಎತ್ತಿ ಕುಕ್ಕಲಿ ಅಂತ ಅವನು ಕಾದ.

“ನಂಗ್ ತೋರ್ಸಿದ್ ಪ್ರಿಂಟು ನಂಗೋಸ್ಕರ ಮಾತ್ರ ತೆಗೆದ್ರಾ ಮಾವ?”

“ಇಲ್ಲ ಮಗಾ. ನಿನ್ನಾಣೆಗೂ ಇಲ್ಲ. ಬರೆದಿದ್ದೆ, ಅದು ಉಳೀಲಿಲ್ಲ. ಬಾ ಇಲ್ಲಿ, ತೋರಿಸ್ತೀನಿ, ಹೆಂಗಾಯ್ತು ಅಂತ...”

“ಬೇಡ ಬಿಡಿ. ನಂಗೆ ಕೋಪ ಇಲ್ಲ. ನಂಗೆ ಒಳ್ಳೇದಾಗ್ಲಿ ಅಂತಲೇ ಮಾಡಿರ್ತೀರಾ.” ಅವಳು ಅದನ್ನು ಮೆತ್ತಗೆ ಹೇಳಿದಳು. ಮಾಡದ ತಪ್ಪನ್ನು ಅವಳು ಕ್ಷಮಿಸಿಯೂ ಆಗಿತ್ತು. “ನನ್ ಹೆಸರು ತೆಗೆದ್ಬಿಡಿ ಮಾವ. ಪೂರ್ತಿ. ಇನ್ನು ನಾನು ಯಾರ್ ಮುಂದೇನೂ ಬಂದು ಕೂರಲ್ಲ.”

“ಅವರು ಫೋನ್ ಮಾಡ್ತೀವಿ ಅಂದವ್ರಲ್ಲ, ನೋಡೋಣ...”

“ತೆಗೀರಿ.”

ಅವನು ಆ ಹೆಸರನ್ನು ಆರಿಸಿ ಅಳಿಸುವ ಗುಂಡಿ ಒತ್ತಿದ. ನಿಜವಾಗಿಯೂ ಅಳಿಸಬೇಕೆ ಅಂತ ಕೇಳಿತು. ಹೌದು ಅನ್ನುವುದರ ಮೇಲೆ ಒತ್ತಿದ. ಸಾಲುಗಳೆಲ್ಲ ಸರಿದು ಆ ಜಾಗಕ್ಕೆ ಬೇರೆ ಯಾವುದೋ ಹುಡುಗಿಯ ಹೆಸರು ಬಂತು. ಆಯ್ತು ಕಣವ್ವ ಅಂದ. ಸಿಂಧು ಹೋಗಲಿಲ್ಲ. ಕುರ್ಚಿಯ ಹಿಂದೆ ಬಂದು ನಿಂತು, ಪರದೆಯ ಮೇಲಿಂದ ಕಣ್ಣು ತೆಗೆಯದೆ, “ಒಂದ್ಸಲ ಮುಚ್ಚಿ ತೆಗೀರಿ ಮಾವ, ನಾನು ನೋಡ್ಬೇಕು” ಅಂದಳು.